ಅಪ್ಪನ ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ್ರೆ ಊರಲ್ಲಿ ನಡೆಯುತ್ತಾ?

ನಾಪೋಕ್ಲು_ತೋಟದಮನೆ:

ಎಲ್ರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೀನಿ, ಅಪ್ಪ ಅಮ್ಮ ನಾಪೋಕ್ಲು ಹತ್ರ ತೋಟದಲ್ಲೇ ಇದ್ದಾರೆ. ಮನೇಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ, ಐ3 ನಾಲ್ಕನೇ ಜನರೇಷನ್, 4 ಜಿಬಿ ರ‍್ಯಾಮ್, ಹಳೇ ಹಾರ್ಡ್‌ಡಿಸ್ಕ್, ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ಮುಗೀತಲ್ಲ, ಅವತ್ತಿಂದ ಸ್ಕ್ರೀನ್ ಮೇಲೆ ಏನೇನೋ ಮೆಸೇಜ್ ಬರ್ತಿದೆ ಅಂತ ಅಪ್ಪ ಫೋನ್ ಮಾಡ್ತಾನೇ ಇದ್ದಾರೆ. ವಿಂಡೋಸ್ 11ಕ್ಕೆ ಇಂಟೆಲ್ ಆದ್ರೆ ಎಂಟನೇ ಜನರೇಷನ್ ಮೇಲೆ ಇರ್ಬೇಕು, ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, ನಮ್ಮ ಮಿಷಿನಲ್ಲಿ ಎರಡೂ ಇಲ್ಲ. ಅಂಗಡಿಯವ್ರು ಹೊಸದು ತಗೊಳ್ಳಿ ಅಂತಾರೆ. ಆದ್ರೆ ಸಿಸ್ಟಮ್‌ಗೆ ಏನೂ ಆಗಿಲ್ಲ, ನಿಧಾನ ಅಷ್ಟೆ, ಚೆನ್ನಾಗಿ ಓಡ್ತಾ ಇರೋ ಮಿಷಿನ್ ಎಸೆಯೋಕೆ ನಂಗೂ ಮನಸ್ಸಿಲ್ಲ ಅಪ್ಪಂಗೂ ಮನಸ್ಸಿಲ್ಲ.

ಅಪ್ಪ ಅದ್ರಲ್ಲಿ ಏನ್ ಮಾಡ್ತಾರೆ ಅಂದ್ರೆ, ಕಾಫಿ ಮೆಣಸು ರೇಟ್ ನೋಡ್ತಾರೆ, ಭೂಮಿ ವೆಬ್‌ಸೈಟಲ್ಲಿ ಆರ್‌ಟಿಸಿ ತೆಗೀತಾರೆ, ಬ್ಯಾಂಕ್, ಈಮೇಲ್, ಯೂಟ್ಯೂಬ್, ವಾಟ್ಸ್ಯಾಪ್ ವೆಬ್. ಆಮೇಲೆ ಎರಡು ಎಕ್ಸೆಲ್ ಫೈಲ್, ಒಂದು ಆಳುಗಳ ವಾರದ ಬಟವಾಡೆ ಲೆಕ್ಕ, ಇನ್ನೊಂದು ಮಳೆ ಲೆಕ್ಕ. ದಿನಾ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು ಸೆಂಟ್ ಬರೆದಿಡೋದು ತಾತನ ಕಾಲದಿಂದ ಬಂದಿದ್ದು, ಪುಸ್ತಕದಲ್ಲಿ ಇದ್ದಿದ್ದನ್ನೆಲ್ಲ ಅಪ್ಪ ರಿಟೈರ್ ಆದ್ಮೇಲೆ ಕೂತು ಎಕ್ಸೆಲ್‌ಗೆ ಹಾಕಿದ್ದಾರೆ. ಅದು ಬಿಟ್ರೆ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ ಕನ್ನಡ ಲೆಟರ್‌ಗಳು, ದೇವಸ್ಥಾನ ಸಮಿತಿದು, ಪಂಚಾಯ್ತಿಗೆ ಕೊಟ್ಟ ಅರ್ಜಿಗಳು, ಒಂದು ಫೋಲ್ಡರ್ ತುಂಬ ಇವೆ. ಪ್ರಿಂಟರ್ ಒಂದಿದೆ.

ವಿಂಡೋಸ್ ಬದಲು ಲಿನಕ್ಸ್ ಅನ್ನೋ ಉಚಿತ ಸಿಸ್ಟಮ್ ಹಾಕಿದ್ರೆ ಅಪ್ಪಂಗೆ ಆಗುತ್ತಾ? ನಾನು ಆಫೀಸಲ್ಲಿ ಬಳಸ್ತೀನಿ, ನನಗೆ ತೊಂದ್ರೆ ಇಲ್ಲ, ಆದ್ರೆ ನಾನು ಅಲ್ಲಿರಲ್ಲ. ಟೆಕ್ನಿಕಲ್ ಗೊತ್ತಿಲ್ಲದ ಮನೆಯವ್ರು ನಿಜವಾಗ್ಲೂ ದಿನಾ ಬಳಸ್ತಿರೋದನ್ನ ಯಾರಾದ್ರೂ ನೋಡಿದ್ರೆ ಹೇಳಿ. ಲಿನಕ್ಸ್ ಒಳ್ಳೇದೋ ವಿಂಡೋಸ್ ಒಳ್ಳೇದೋ ಅನ್ನೋ ಜಗಳ ಬೇಡ ದಯವಿಟ್ಟು.

---

ಗೋಣಿಕೊಪ್ಪ_ಸಿಸ್ಟಮ್_ರಿಪೇರಿ:

ಸರ್, ನಾನು ಇದೇ ಕೆಲಸ ಮಾಡೋನು. ಸೀದಾ ಹೇಳ್ತೀನಿ, ನೀವು ಬರೆದ ಲಿಸ್ಟಲ್ಲಿ ಮುಕ್ಕಾಲು ಪಾಲು ಬ್ರೌಸರ್ ಕೆಲಸ, ಅದಕ್ಕೆ ಯಾವ ಸಿಸ್ಟಮ್ ಆದ್ರೂ ಒಂದೇ. ಕ್ರೋಮ್ ಆಗ್ಲಿ ಫೈರ್‌ಫಾಕ್ಸ್ ಆಗ್ಲಿ ಲಿನಕ್ಸ್ ಮಿಂಟ್ ಅನ್ನೋ ಲಿನಕ್ಸ್ ಆವೃತ್ತಿಯಲ್ಲಿ ಹಾಕಿ, ಐಕಾನ್ ಕೆಳಗಡೆ ಅದೇ ಜಾಗಕ್ಕೆ ಇಟ್ಟುಬಿಟ್ರೆ ವಯಸ್ಸಾದವ್ರಿಗೆ ಏನೂ ವ್ಯತ್ಯಾಸ ಗೊತ್ತಾಗಲ್ಲ. ಕಷ್ಟ ಪಡೋರು ಯಾರು ಗೊತ್ತಾ, ಅರ್ಧ ಗೊತ್ತಿರೋರು. ವಿಂಡೋಸಲ್ಲಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಹಾಕಿ ಅಭ್ಯಾಸ ಆಗಿರುತ್ತೆ, ಇಲ್ಲಿ ವಿಂಡೋಸಿನ ಆ ಎಕ್ಸಿ (.exe) ಫೈಲ್ ಓಪನ್ ಆಗಲ್ಲ, ಎರಡನೇ ದಿನಕ್ಕೆ ವಾಪಸ್ ತರ್ತಾರೆ ಹಳೇದೇ ಹಾಕಿಕೊಡಿ ಅಂತ. ನಿಮ್ಮ ತಂದೆ ತರದವ್ರು ವಾಪಸ್ ತರೋದು ಕಡಿಮೆ.

ಆದ್ರೆ ಪ್ರಿಂಟರ್ ಮಾಡಲ್ ಹೇಳಿಲ್ಲ ನೀವು, ಅದೇ ದೊಡ್ಡ ಪ್ರಶ್ನೆ. ಎಚ್‌ಪಿ ಆದ್ರೆ ಎಚ್‌ಪಿಲಿಪ್ ಅನ್ನೋ ಪ್ರಿಂಟರ್ ಡ್ರೈವರ್ ಮಿಂಟ್ ಜೊತೇಲೇ ಬರುತ್ತೆ, ಹೆಚ್ಚಿನವು ಹಾಕಿದ ಕೂಡ್ಲೆ ಹೊಡೆಯುತ್ವೆ, 1020, ಪಿ1007 ತರದ ಹಳೇ ಲೇಸರ್‌ಗೆ ಮಾತ್ರ ನೆಟ್ಟಿಂದ ಒಂದು ಪ್ಲಗಿನ್ ಇಳಿಸಬೇಕು. ಎಪ್ಸನ್ ಟ್ಯಾಂಕ್ ಪ್ರಿಂಟರ್‌ಗೂ ಲಿನಕ್ಸ್ ಡ್ರೈವರ್ ಉಂಟು. ಕ್ಯಾನನ್ ಎಲ್‌ಬಿಪಿ 2900 ನಮ್ಮ ಕಡೆ ಎಷ್ಟೋ ಮನೇಲಿ, ಎಷ್ಟೋ ಡಿಟಿಪಿ ಅಂಗಡೀಲಿ ಇದೆ, ಅದಕ್ಕೆ ಕ್ಯಾಪ್ಟ್ ಅನ್ನೋ ಬೇರೆ ಡ್ರೈವರ್ ಬೇಕು, ಕಮಾಂಡ್ ಹೊಡೆದು ಸೆಟ್ ಮಾಡ್ಬೇಕು, ಅದು ಮನೆಯವ್ರ ಕೈಲಿ ಆಗೋ ಕೆಲಸ ಅಲ್ಲ.

ಇನ್ನೊಂದು. ಹಾರ್ಡ್‌ಡಿಸ್ಕ್ ಇರೋತನಕ ಯಾವ ಸಿಸ್ಟಮ್ ಹಾಕಿದ್ರೂ ನಿಧಾನವೇ. ಮೊದಲು ಹಾರ್ಡ್‌ಡಿಸ್ಕ್‌ಗಿಂತ ಬಹಳ ಫಾಸ್ಟ್ ಇರೋ ಒಂದು 256 ಜಿಬಿ ಎಸ್‌ಎಸ್‌ಡಿ ಹಾಕಿ, ರ‍್ಯಾಮ್ 8 ಮಾಡಿ. ಲಿನಕ್ಸ್ ಹಾಕಿ ಫಾಸ್ಟ್ ಆಯ್ತು ಅಂತ ಜನ ಹೇಳ್ತಾರಲ್ಲ, ಅದ್ರಲ್ಲಿ ಅರ್ಧ ಎಸ್‌ಎಸ್‌ಡಿ ಮಾಡಿದ ಕೆಲಸ. 4 ಜಿಬಿಯಲ್ಲಿ ಮಿಂಟ್ ಓಡುತ್ತೆ, ಆದ್ರೆ ಕ್ರೋಮಲ್ಲಿ ಯೂಟ್ಯೂಬು ವಾಟ್ಸ್ಯಾಪು ಬ್ಯಾಂಕು ಒಟ್ಟಿಗೆ ತೆಗೆದ್ರೆ ಅಲ್ಲೂ ಒದ್ದಾಡುತ್ತೆ.

ಹಾಕೋದಾದ್ರೆ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡ್ಬೇಡಿ ಮಾತ್ರ. ಅದನ್ನ ಬಿಚ್ಚಿ ವಿಂಡೋಸ್ ಸಮೇತ ಹಾಗೇ ಬೀರುವಲ್ಲಿಡಿ, ಹೊಸ ಎಸ್‌ಎಸ್‌ಡಿಗೆ ಲಿನಕ್ಸ್ ಹಾಕಿ. ಆಗಲಿಲ್ಲ ಅಂದ್ರೆ ಕೇಬಲ್ ಬದಲಾಯಿಸಿದ್ರೆ ಹಳೇದು ಹಳೇ ತರಾನೇ ಎದ್ದು ಬರುತ್ತೆ. ಎರಡೂ ಒಂದೇ ಡಿಸ್ಕಲ್ಲಿ ಹಾಕಿ ಆನ್ ಮಾಡುವಾಗ ಮೆನು ಬರೋ ತರ ಮಾಡೋದು ನಮ್ಮಂಥವ್ರಿಗೆ ಸರಿ, ಮನೆಯವ್ರಿಗೆ ದಿನಾ ಅದೊಂದು ಗೊಂದಲ.

---

ಸುಂಟಿಕೊಪ್ಪ_ಟೀಚರ್:

ತಮ್ಮಾ, ನೀವು ಕೇಳಿದ ಟೆಕ್ನಿಕಲ್ ಗೊತ್ತಿಲ್ಲದವರು ಅಂದ್ರೆ ನಾನೇ. ಪ್ರೈಮರಿ ಶಾಲೇಲಿ ಟೀಚರ್ ಆಗಿದ್ದೆ, ಈಗ ರಿಟೈರ್ಡು. ತಂಗಿ ಮಗ ಲ್ಯಾಪ್‌ಟಾಪಿಗೆ ಮಿಂಟ್ ಹಾಕಿಕೊಟ್ಟ, ಅವತ್ತಿಂದ ಅದರಲ್ಲೇ ಎಲ್ಲ ಮಾಡ್ತೇನೆ. ಇಂಟರ್ನೆಟ್, ಫೋಟೋ, ಮಗಳ ಹತ್ರ ವಿಡಿಯೋ ಕಾಲ್ ಇದಕ್ಕೆಲ್ಲ ಏನೂ ಕಲೀಬೇಕಾಗಿ ಬರಲಿಲ್ಲ. ಕನ್ನಡದ ವಿಷಯ ಮಾತ್ರ ನೀವು ಚೆನ್ನಾಗಿ ತಿಳ್ಕೊಂಡು ಹೋಗಿ, ಯಾಕಂದ್ರೆ ನಿಮ್ಮ ತಂದೆಯವರ ಆ ಫೋಲ್ಡರ್ ಇದೆಯಲ್ಲ, ತೊಂದರೆ ಆಗೋದಾದ್ರೆ ಅದರಲ್ಲೇ.

ನುಡಿಯಲ್ಲಿ ಹಿಂದೆ ಟೈಪ್ ಮಾಡಿದ್ದೆಲ್ಲ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗೋ ಅಕ್ಷರ ಕ್ರಮ) ಅಲ್ಲ. ಫೈಲ್ ಒಳಗೆ ಇರೋದು ಇಂಗ್ಲಿಷ್ ಅಕ್ಷರಗಳೇ, ನುಡಿ ಫಾಂಟ್ ಅದರ ಮೇಲೆ ಕನ್ನಡ ಬರೆದು ತೋರಿಸುತ್ತೆ. ಹಾಗಾಗಿ ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದ್ರೆ ತಲೆ ಮೇಲೆ ಗೆರೆ ಚುಕ್ಕಿ ಇರೋ ಇಂಗ್ಲಿಷ್ ಅಕ್ಷರ ಸಾಲುಸಾಲಾಗಿ ಬರುತ್ತೆ. ನೋಡಿದವರು ಫೈಲ್ ಹಾಳಾಯ್ತು ಅಂತ ಹೆದರ್ತಾರೆ. ಹಾಳಾಗಿಲ್ಲ. ಹಳೇ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿಂದ ನುಡಿ ಫಾಂಟ್ ಫೈಲುಗಳನ್ನ ಪೆನ್‌ಡ್ರೈವಿಗೆ ಹಾಕ್ಕೊಂಡು ಬಂದು ಮಿಂಟಲ್ಲಿ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿದ್ರೆ ಲಿಬ್ರೆಆಫೀಸಲ್ಲಿ (ವರ್ಡ್ ಎಕ್ಸೆಲ್ ಬದಲಿಗೆ ಇರೋದು) ಕನ್ನಡ ಕಾಣುತ್ತೆ. ಹಳೇದನ್ನು ಓದಲಿಕ್ಕೆ, ಪ್ರಿಂಟ್ ತೆಗೀಲಿಕ್ಕೆ ಅಷ್ಟು ಸಾಕು. ತಿದ್ದಿ ಬರೀಬೇಕು ಅಂದ್ರೆ ಯೂನಿಕೋಡಿಗೆ ಬದಲಾಯಿಸಿಕೊಳ್ಳಿ, ಅದಕ್ಕೆ ಕನ್ವರ್ಟರ್ ನೆಟ್ಟಲ್ಲೇ ಸಿಗುತ್ತೆ, ಬದಲಾಯಿಸಿದ ಮೇಲೆ ಒಮ್ಮೆ ಪೂರ್ತಿ ಓದಿ ನೋಡಿ, ಒತ್ತಕ್ಷರ ಅಲ್ಲಲ್ಲಿ ಎಡವಟ್ಟಾಗಿರುತ್ತೆ.

ಹೊಸದಾಗಿ ಟೈಪ್ ಮಾಡೋದಕ್ಕೆ ಕೀಬೋರ್ಡ್ ಸೆಟ್ಟಿಂಗಲ್ಲಿ ಕನ್ನಡ ಕಗಪ ಅಂತ ಒಂದು ಲೇಔಟ್ ಉಂಟು, ನುಡಿಯಲ್ಲಿ ಬೆರಳು ಪಳಗಿದ್ದವರಿಗೆ ಅದೇ ಕೀಲಿ, ಎಫ್ ಒತ್ತಿ ಒತ್ತಕ್ಷರ ಮಾಡೋದು ಸಹ ಹಾಗೇ. ನಿಮ್ಮ ತಂದೆಗೆ ಬರೆಯುವ ಕೈ ಬದಲಾಗಲ್ಲ, ಇದು ನನಗೆ ಬಹಳ ದೊಡ್ಡ ವಿಷಯ ಅನ್ನಿಸಿತು. ಅಕ್ಷರ ಚೆನ್ನಾಗಿ ಬರಲಿಕ್ಕೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಅಂತ ಫಾಂಟುಗಳೂ ಸಾಫ್ಟ್‌ವೇರ್ ಮ್ಯಾನೇಜರಲ್ಲೇ ಸಿಗ್ತವೆ, ದುಡ್ಡಿಲ್ಲ.

ಮೆನುಗಳನ್ನ ಕನ್ನಡಕ್ಕೆ ಹಾಕಬಹುದು, ಆದ್ರೆ ಅನುವಾದ ಪೂರ್ತಿ ಆಗಿಲ್ಲ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಬರುತ್ತೆ. ನಾನು ಇಂಗ್ಲಿಷಲ್ಲೇ ಇಟ್ಟುಕೊಂಡಿದ್ದೇನೆ. ಯಾರು ಬೇಕಾದ್ರೂ ಅನುವಾದಕ್ಕೆ ಕೈ ಹಾಕಬಹುದಾದ ಜಾಗ ಅದು, ನಮ್ಮ ಹುಡುಗರು ಹುಡುಗಿಯರು ಮನಸ್ಸು ಮಾಡಬೇಕು.

---

ವಿರಾಜಪೇಟೆ_ಲೆಕ್ಕಪತ್ರ:

ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರಾಗ್ಬೇಡಿ. ಬ್ರೌಸರ್ ಕೆಲಸ ಎಲ್ಲಾದ್ರೂ ಆಗುತ್ತೆ ಅನ್ನೋದು ಸರಿ, ಆದ್ರೆ ಮನೆ ಕಂಪ್ಯೂಟರ್ ಅಂದ್ಮೇಲೆ ಒಂದಲ್ಲ ಒಂದು ದಿನ ಯಾವುದೋ ಒಂದು ವಿಂಡೋಸ್ ಸಾಫ್ಟ್‌ವೇರ್ ಬೇಕಾಗೇ ಬರುತ್ತೆ. ಲೆಕ್ಕ ಬರೆಯೋ ಟ್ಯಾಲಿ ಸಾಫ್ಟ್‌ವೇರ್ ಲಿನಕ್ಸಿಗೆ ಇಲ್ಲ. ವೈನ್ ಅಂತ ಒಂದಿದೆ, ಕೆಲವು ವಿಂಡೋಸ್ ಪ್ರೋಗ್ರಾಂ ಅದ್ರಲ್ಲಿ ಓಡ್ತವೆ ಕೆಲವು ಓಡಲ್ಲ, ಲೆಕ್ಕದ ವಿಷಯದಲ್ಲಿ ಆ ಗ್ಯಾರಂಟಿ ಇಲ್ಲದ ಆಟ ಬೇಡ. ಡಿಜಿಟಲ್ ಸಿಗ್ನೇಚರ್ ಟೋಕನ್ ಹಾಕಿ ಸಹಿ ಮಾಡೋ ಕೆಲಸ ಮನೇಲಿ ಯಾರಿಗಾದ್ರೂ ಇದ್ರೆ ಇನ್ನೂ ತಲೆನೋವು. ಆಧಾರ್ ಪಿಡಿಎಫ್ ಪಾಸ್‌ವರ್ಡ್ ಹಾಕಿದ್ರೆ ಲಿನಕ್ಸಲ್ಲೂ ತೆರೆಯುತ್ತೆ ನಿಜ, ಆದ್ರೆ ಅದ್ರಲ್ಲಿರೋ ಸಹಿ ಪರಿಶೀಲಿಸಿ ಟಿಕ್ ಮಾರ್ಕ್ ಬರಿಸೋಕೆ ಎಲ್ರೂ ಹೇಳೋದು ಅಡೋಬಿ ರೀಡರ್, ಅದ್ರ ಲಿನಕ್ಸ್ ಆವೃತ್ತಿ ನಿಂತು ಎಷ್ಟೋ ವರ್ಷ ಆಯ್ತು. ಓಕುಲಾರ್ ಅನ್ನೋ ಲಿನಕ್ಸ್ ಪಿಡಿಎಫ್ ರೀಡರಲ್ಲಿ ಮಾಡಬಹುದು, ಅದನ್ನ ಹೇಳಿಕೊಡೋರು ಬೇಕಲ್ಲ.

ಈಗ ನಿಮ್ಮ ತಂದೆ ವಿಷಯಕ್ಕೆ ಬಂದ್ರೆ, ಟ್ಯಾಲಿ ಇಲ್ಲ ಟೋಕನ್ ಇಲ್ಲ, ಹಾಗಾಗಿ ಮಾಡ್ಲೇಬೇಡಿ ಅಂತ ಹೇಳಲ್ಲ. ಈಗ ಬೇಡ ಅಂತೀನಿ. ಕಾಫಿ ಕೊಯ್ಲು ಶುರುವಾಗೋ ಟೈಮು. ಬಟವಾಡೆ ಲೆಕ್ಕ ವಾರವಾರ ಜಾಸ್ತಿ ಆಗೋದು ಈಗ್ಲೇ, ಹೊರಗಿಂದ ಬಂದ ಆಳುಗಳು, ಕೆಜಿ ಲೆಕ್ಕ, ಅಡ್ವಾನ್ಸ್ ಹಿಡಿಯೋದು, ಇದ್ರ ಮಧ್ಯೆ ಶನಿವಾರ ಸಂಜೆ ಫೈಲ್ ತೆರೀಲಿಲ್ಲ ಅಂದ್ರೆ ಆಳುಗಳ ಮುಂದೆ ನಿಲ್ಲೋರು ನಿಮ್ಮಪ್ಪ. ಮೈಕ್ರೋಸಾಫ್ಟ್‌ನವ್ರೇ ಇಎಸ್‌ಯು ಅಂತ ಒಂದು ವರ್ಷ ಹೆಚ್ಚಿಗೆ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತಿದ್ದಾರೆ, ಅಕ್ಟೋಬರ್ 13, 2026ರ ತನಕ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೊಡ್ಬೇಕಾಗಿಲ್ಲ, ವಿಂಡೋಸ್ 10 ಮಾತ್ರ 22ಎಚ್2 ಆವೃತ್ತಿ ಆಗಿರ್ಬೇಕು. ಅದಕ್ಕೆ ಸೇರಿಸಿಬಿಡಿ, ಕೊಯ್ಲು ಮುಗಿದ್ಮೇಲೆ ನಿಧಾನವಾಗಿ ಯೋಚ್ನೆ ಮಾಡಿ. ರೂಫಸ್ ಅನ್ನೋ ಟೂಲ್ ಬಳಸಿ ಹಳೇ ಮಿಷಿನ್‌ಗೂ ವಿಂಡೋಸ್ 11 ತುರುಕೋ ವಿಡಿಯೋಗಳಿವೆ, ಅದು ಮಾಡ್ಬೇಡಿ, ಅಂಥ ಮಿಷಿನ್‌ಗೆ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಇಲ್ಲ ಅಂತ ಕಂಪನಿಯವ್ರೇ ಹೇಳಿದ್ದಾರೆ.

---

ಕುಟ್ಟ_ಗಡಿಮನೆ:

ನಮ್ಮನೆಯಿಂದ ಸ್ವಲ್ಪ ದೂರ ಹೋದ್ರೆ ವಯನಾಡು, ನಮ್ಮ ನೆಂಟರ ಮಕ್ಕಳು ಸುಮಾರು ಜನ ಆಚೆ ಶಾಲೇಲಿ ಓದೋದು. ಕೇರಳದ ಸರ್ಕಾರಿ ಶಾಲೆಗಳಲ್ಲಿ ಕೈಟ್ ಅನ್ನೋ ಸಂಸ್ಥೆ ಉಬುಂಟು ಅನ್ನೋ ಲಿನಕ್ಸ್ ಆಧಾರದ ಮೇಲೆ ಮಾಡಿದ ಸಿಸ್ಟಮ್ಮೇ ಇರೋದು, ಮಕ್ಕಳು ಕಂಪ್ಯೂಟರ್ ಅಂತ ಮೊದಲು ಮುಟ್ಟೋದೇ ಅದನ್ನ. ಅವ್ರಿಗೆ ಇದು ಕಷ್ಟ, ಇದು ಟೆಕ್ನಿಕಲ್ ಜನಕ್ಕೆ ಅನ್ನೋ ಭಯವೇ ಇಲ್ಲ. ನನ್ನ ಅಕ್ಕನ ಮಗಳು ಹೈಸ್ಕೂಲು, ರಜೆಗೆ ಬಂದ್ರೆ ನಮ್ಮನೆ ವಿಂಡೋಸ್ ನೋಡಿ ಇದ್ರಲ್ಲಿ ಗಣಿತದ ಜಿಯೋಜಿಬ್ರಾ ಎಲ್ಲಿ, ಚಿತ್ರ ತಿದ್ದೋ ಜಿಂಪ್ ಎಲ್ಲಿ ಅಂತ ಕೇಳ್ತಾಳೆ.

ಆದ್ರೆ ಅಲ್ಲಿ ಹೇಗೆ ನಡೀತು ಅಂತ ನೋಡಿ. ಸುಮ್ನೆ ಸಿಡಿ ಕೊಟ್ಟು ಹಾಕ್ಕೊಳ್ಳಿ ಅಂದಿದ್ದಲ್ಲ. ಟೀಚರ್‌ಗಳಿಗೆ ಟ್ರೈನಿಂಗ್ ಕೊಟ್ರು, ಪಠ್ಯಪುಸ್ತಕ ಅದಕ್ಕೇ ತಕ್ಕ ಹಾಗೆ ಬರೆದ್ರು, ಕೆಟ್ರೆ ಕೇಳೋಕೆ ಜನ ಇದ್ದಾರೆ. ಮೊಬೈಲೂ ಹಾಗೇ ಅಲ್ವಾ, ಆಂಡ್ರಾಯ್ಡ್ ಒಳಗೆ ಇರೋದು ಲಿನಕ್ಸ್ ಕರ್ನೆಲ್ಲೇ (ಸಿಸ್ಟಮ್ಮಿನ ತಿರುಳು), 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು ಇವತ್ತು ನಮ್ಮ ಅಜ್ಜಿ ಕೈಲೂ ಇದೆ. ಆದ್ರೆ ಅಜ್ಜಿ ಅದನ್ನ ಇನ್‌ಸ್ಟಾಲ್ ಮಾಡಿಲ್ಲ, ಅಂಗಡಿಯಿಂದ ತರುವಾಗ್ಲೇ ಎಲ್ಲ ಸೆಟ್ ಆಗಿತ್ತು, ಕೆಟ್ರೆ ಗೋಣಿಕೊಪ್ಪದಲ್ಲಿ ಹತ್ತು ಜನ ರಿಪೇರಿ ಮಾಡ್ತಾರೆ. ಲಿನಕ್ಸ್ ಕಂಪ್ಯೂಟರ್‌ಗೆ ಇನ್ನೂ ಆ ಹತ್ತು ಜನ ಇಲ್ಲ. ನನ್ನ ಪ್ರಕಾರ ಸಾಮಾನ್ಯ ಜನಕ್ಕೆ ಆಗುತ್ತಾ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಸಿಸ್ಟಮ್ ಯಾವತ್ತೋ ರೆಡಿ ಆಗಿದೆ, ನಿಮ್ಮಪ್ಪ ಫೋನ್ ಮಾಡಿದ್ರೆ ಎತ್ತೋರು ಯಾರು ಅನ್ನೋದು ಮೊದಲು ಗಟ್ಟಿ ಮಾಡ್ಕೊಳ್ಳಿ.

---

ನಾಪೋಕ್ಲು_ತೋಟದಮನೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಿ ಅಂದ್ಕೊಂಡಿರ್ಲಿಲ್ಲ. ಟೀಚರ್, ನುಡಿ ವಿಷಯ ನನಗೆ ಗೊತ್ತೇ ಇರ್ಲಿಲ್ಲ, ಇಷ್ಟು ವರ್ಷ ಲಿನಕ್ಸ್ ಬಳಸ್ತೀನಿ ಆದ್ರೂ ಕನ್ನಡದಲ್ಲಿ ಅಷ್ಟು ಕೆಲಸ ಮಾಡಿಲ್ಲ. ಅಪ್ಪಂಗೆ ಫೋನಲ್ಲಿ ಓದಿ ಹೇಳಿದೆ. ಅವ್ರು ಕೇಳಿದ್ದು ಒಂದೇ, ಮಳೆ ಲೆಕ್ಕ ಹೋಗಲ್ಲ ಅಲ್ವಾ ಅಂತ. ಆ ಫೈಲಲ್ಲಿ ತಿಂಗಳಿಗೊಂದು ಶೀಟ್, ವರ್ಷದ ಟೋಟಲ್, ಒಂದು ಗ್ರಾಫ್ ಇದೆ, ಮ್ಯಾಕ್ರೋ (ತಾನಾಗೇ ಓಡೋ ಚಿಕ್ಕ ಪ್ರೋಗ್ರಾಂ) ಏನೂ ಇಲ್ಲ.

ಪ್ರಿಂಟರ್ ಕೇಳಿದೆ, ಅದೇ ಕ್ಯಾನನ್ 2900. ಇನ್ನೆರಡು ಕೇಳ್ಬೇಕಿತ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದ್ರೆ ದಿನಗಟ್ಟಲೆ ಬರಲ್ಲ, ಬಂದ್ರೂ ಬಂದು ಬಂದು ಹೋಗುತ್ತೆ, ಸಿಸ್ಟಮ್ ಆನ್ ಇದ್ದಾಗ್ಲೇ ಕರೆಂಟ್ ಹೋದ್ರೆ ಲಿನಕ್ಸ್ ತಡ್ಕೊಳುತ್ತಾ? ಮತ್ತೆ ನೆಟ್, ಮೊಬೈಲ್ ಹಾಟ್‌ಸ್ಪಾಟಲ್ಲೇ ಕೆಲಸ, ಅದೂ ಜಗಲಿ ಮೂಲೇಲಿ ಫೋನ್ ಇಟ್ರೆ ಮಾತ್ರ ಸಿಗ್ನಲ್, ಅಪ್‌ಡೇಟ್ ಡೇಟಾ ಎಷ್ಟು ತಿನ್ನುತ್ತೆ?

---

ಗೋಣಿಕೊಪ್ಪ_ಸಿಸ್ಟಮ್_ರಿಪೇರಿ:

ಡೇಟಾ ಮೊದಲು ಹೇಳ್ತೀನಿ. ಮಿಂಟ್ ಫೈಲ್ ಹತ್ರಹತ್ರ 3 ಜಿಬಿ, ಅದನ್ನ ಬೆಂಗಳೂರಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿಗೆ ಹಾಕ್ಕೊಂಡು ಬನ್ನಿ, ಕಗಪ ಕೀಬೋರ್ಡ್ ಲಿಬ್ರೆಆಫೀಸ್ ಎಲ್ಲ ಅದ್ರೊಳಗೇ ಇರುತ್ತೆ. ಊರಲ್ಲಿ ಅಪ್‌ಡೇಟ್ ಬಂದ್ರೆ ಮೂಲೇಲಿ ಒಂದು ಗುರಾಣಿ ತರ ಐಕಾನ್ ಕಾಣುತ್ತೆ, ನೀವು ಒತ್ತೋತನಕ ತಾನಾಗೇ ಶುರು ಮಾಡಲ್ಲ, ಯಾವುದು ಎಷ್ಟು ಎಂಬಿ ಅಂತ ಮುಂಚೇನೇ ತೋರಿಸುತ್ತೆ. ವಿಂಡೋಸಲ್ಲಿ ಸಹ ಮೀಟರ್ಡ್ ಕನೆಕ್ಷನ್ (ಡೇಟಾ ಮಿತಿ ಇದೆ) ಅಂತ ಹಾಕಿದ್ರೆ ಸ್ವಲ್ಪ ತಡೀಬಹುದು, ಆದ್ರೆ ಅದನ್ನ ಮಾಡಿಕೊಂಡಿರೋ ಮನೆ ಕಮ್ಮಿ. ನಿಮ್ಮ ತಂದೆಗೆ ಹೇಳಿ, ಆ ಐಕಾನ್ ಒತ್ತೋದು ಬೇಡ, ನೀವು ಊರಿಗೆ ಬಂದಾಗ ಒಟ್ಟಿಗೆ ಮಾಡಿ. ಫೈರ್‌ಫಾಕ್ಸ್ ಮಾತ್ರ ತೀರಾ ಹಳೇದಾಗೋಕೆ ಬಿಡಬೇಡಿ, ಬ್ಯಾಂಕ್ ಕೆಲಸ ಅದ್ರಲ್ಲೇ ಅಲ್ವಾ.

ಕರೆಂಟ್ ವಿಷಯ. ಸುಮ್ನೆ ಆನ್ ಇದ್ದಾಗ ಹೋದ್ರೆ ಸಾಮಾನ್ಯವಾಗಿ ಏನೂ ಆಗಲ್ಲ, ಡಿಸ್ಕಲ್ಲಿ ಏನು ಬರೀತಿದ್ದೆ ಅನ್ನೋದಕ್ಕೆ ಸಿಸ್ಟಮ್ ಒಂದು ಜರ್ನಲ್ (ದಾಖಲೆ) ಇಟ್ಕೊಂಡಿರುತ್ತೆ, ಮತ್ತೆ ಆನ್ ಮಾಡಿದ್ರೆ ತಾನೇ ಸರಿ ಮಾಡ್ಕೊಂಡು ಏಳುತ್ತೆ. ಅಪ್‌ಡೇಟ್ ಓಡ್ತಿರುವಾಗ ಮಧ್ಯದಲ್ಲಿ ಹೋದ್ರೆ ಕಷ್ಟ, ಅರ್ಧ ಪ್ಯಾಕೇಜ್ ಕೂತಿರುತ್ತೆ, ಆಮೇಲೆ ಕಮಾಂಡ್ ಹೊಡೆದು ಎಬ್ಬಿಸ್ಬೇಕು. ಯುಪಿಎಸ್ ಬ್ಯಾಟರಿ ಸರಿ ಇದ್ದಾಗ ಮಾತ್ರ ಅಪ್‌ಡೇಟ್ ಮಾಡಿ. ಟೈಮ್‌ಶಿಫ್ಟ್ ಅಂತ ಇದೆ, ಮೊದಲ ದಿನಾನೇ ಆನ್ ಮಾಡಿ, ಅಪ್‌ಡೇಟಿಂದ ಏನಾದ್ರೂ ಕೆಟ್ರೆ ಹಿಂದಿನ ಸ್ಥಿತಿಗೆ ತರಬಹುದು. ಅದು ಸಿಸ್ಟಮ್ ಕಾಯೋದು, ನಿಮ್ಮ ಫೈಲಲ್ಲ, ಮಳೆ ಲೆಕ್ಕ ಬಟವಾಡೆ ಲೆಕ್ಕ ಬೇರೆ ಪೆನ್‌ಡ್ರೈವಲ್ಲೂ ಇರ್ಲಿ ಈಮೇಲಲ್ಲೂ ಇರ್ಲಿ. ಗುಡುಗು ಮಿಂಚಿಗೆ ಮಾತ್ರ ಯಾವ ಸಿಸ್ಟಮ್ಮೂ ಕಾಯಲ್ಲ, ಪ್ಲಗ್ ಕಿತ್ತಿಡೋದೇ.

ಎಕ್ಸೆಲ್ ಬಗ್ಗೆ ಒಂದು. ಲಿಬ್ರೆಆಫೀಸಲ್ಲಿ ಎಕ್ಸೆಲ್ ಫೈಲ್ ತಿದ್ದಿ ಸೇವ್ ಒತ್ತಿದ್ರೆ ಇದೇ ಫಾರ್ಮ್ಯಾಟಲ್ಲಿ ಇಡಲಾ ಅದ್ರದ್ದೇ ಓಡಿಎಫ್ ಫಾರ್ಮ್ಯಾಟಿಗೆ ಬದಲಾಯಿಸ್ಲಾ ಅಂತ ಪ್ರತಿ ಸಲ ಕೇಳುತ್ತೆ. ವಯಸ್ಸಾದವ್ರು ಅಲ್ಲಿ ಗಾಬರಿ ಆಗೋದು ಜಾಸ್ತಿ. ಟೂಲ್ಸ್, ಆಪ್ಷನ್ಸ್ ಒಳಗೆ ಲೋಡ್ ಸೇವ್ ಅಂತ ಇರುತ್ತೆ, ಅಲ್ಲಿ ಯಾವಾಗ್ಲೂ ಎಕ್ಸೆಲಲ್ಲೇ ಇಡು ಅಂತ ಸೆಟ್ ಮಾಡಿ, ಆ ಎಚ್ಚರಿಕೆಯ ಟಿಕ್ ತೆಗೆದುಬಿಡಿ. ಮ್ಯಾಕ್ರೋ ಇಲ್ಲ ಅಂದ್ರಲ್ಲ, ಹಾಗಾದ್ರೆ ಟೋಟಲ್ ಗಿಟಲ್ ಎಲ್ಲ ಹಾಗೇ ಬರುತ್ತೆ, ಗ್ರಾಫ್ ಬಣ್ಣ ಅಕ್ಷರ ಸ್ವಲ್ಪ ಆಚೀಚೆ ಆಗ್ಬಹುದು.

2900 ಬಗ್ಗೆ ಬೇಕಾದ್ರೆ ನಾನೇ ಮಾಡಿಕೊಡ್ತೀನಿ, ಸಿಪಿಯು ಪ್ರಿಂಟರ್ ಎರಡೂ ಗೋಣಿಕೊಪ್ಪಕ್ಕೆ ತರ್ಬೇಕು.

---

ವಿರಾಜಪೇಟೆ_ಲೆಕ್ಕಪತ್ರ:

ಇನ್ನೊಂದು ಮರೆತಿದ್ದೆ. ಲಿನಕ್ಸ್ ಹಾಕಿದ್ಮೇಲೆ ವೈರಸ್ ಇಲ್ಲ ಅಂತ ಹೇಳಿ ಅಪ್ಪನ ಧೈರ್ಯ ಜಾಸ್ತಿ ಮಾಡ್ಬೇಡಿ. ಎಕ್ಸಿ ವೈರಸ್ ಬರಲ್ಲ ಸರಿ, ಆದ್ರೆ ಬ್ಯಾಂಕಿಂದ ಅಂತ ಫೋನ್ ಮಾಡಿ ಓಟಿಪಿ ಕೇಳೋನಿಗೆ, ನಕಲಿ ಲಿಂಕ್ ಕಳಿಸೋನಿಗೆ ಯಾವ ಸಿಸ್ಟಮ್ ಆದ್ರೂ ಒಂದೇ. ಇತ್ತೀಚೆಗೆ ವಾಟ್ಸ್ಯಾಪಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ (ಆಂಡ್ರಾಯ್ಡ್ ಆಪ್) ಫೈಲ್ ಕಳಿಸ್ತಾರೆ, ಅದು ಫೋನಿಗೆ ಹೊಡೆಯೋದು. ಇದನ್ನ ಕೂತು ಹೇಳಿಕೊಡಿ.

---

ಕುಟ್ಟ_ಗಡಿಮನೆ:

ಹಾಕೋಕೆ ಮುಂಚೆ ಪೆನ್‌ಡ್ರೈವಿಂದ್ಲೇ ಲೈವ್ ಬೂಟ್ ಮಾಡಿ (ಇನ್‌ಸ್ಟಾಲ್ ಮಾಡದೇ ಓಡಿಸಿ) ಅಪ್ಪನ್ನ ಒಂದು ಮಧ್ಯಾಹ್ನ ಕೂರಿಸಿ. ಡಿಸ್ಕಿಗೆ ಏನೂ ಬರೆಯಲ್ಲ, ತೆಗೆದ್ರೆ ವಿಂಡೋಸ್ ಹಾಗೇ ಇರುತ್ತೆ. ನಿಧಾನ ಇರುತ್ತೆ ಅಂತ ಮುಂಚೇನೇ ಹೇಳಿಬಿಡಿ. ನೀವು ಮೌಸ್ ಮುಟ್ಬೇಡಿ. ಅವ್ರು ಎಲ್ಲಿ ನಿಲ್ತಾರೆ ನೋಡಿ ಬರೆದಿಟ್ಕೊಳ್ಳಿ, ಅಷ್ಟನ್ನೇ ಸರಿ ಮಾಡಿ ಕೊಟ್ರೆ ಸಾಕು.

---

ನಾಪೋಕ್ಲು_ತೋಟದಮನೆ:

ಸರಿ, ಹೀಗೆ ಮಾಡ್ತೀನಿ. ಪುತ್ತರಿ ಹಬ್ಬಕ್ಕೆ ಊರಿಗೆ ಬರ್ತಿದ್ದೀನಿ, ಆವಾಗ ಇಎಸ್‌ಯುಗೆ ಸೇರಿಸಿ, ಲೈವ್ ಪೆನ್‌ಡ್ರೈವಲ್ಲಿ ಅಪ್ಪನ್ನ ಕೂರಿಸಿ ನೋಡ್ತೀನಿ, ನುಡಿ ಫಾಂಟ್ ಫೈಲ್ ಎತ್ತಿಟ್ಕೊಳ್ತೀನಿ. ಕೊಯ್ಲು ಮುಗಿದು ಕಾಫಿ ಹೂ ಬಿಡಿಸೋ ಹೂಮಳೆ ಹೊತ್ತಿಗೆ ಎಸ್‌ಎಸ್‌ಡಿ ಹಾಕಿ ಮಿಂಟ್ ಹಾಕೋದು, ಜೂನ್ ಮಳೆ ಹಿಡಿಯೋ ಮುಂಚೆ ಅವ್ರ ಕೈ ಪಳಗಿರುತ್ತೆ. ಪ್ರಿಂಟರ್ ಕೆಲಸ ಗೋಣಿಕೊಪ್ಪ ಅಣ್ಣಂಗೇ ತರ್ತೀನಿ. ಫೋನ್ ಎತ್ತೋದು ನಾನು, ಆಫೀಸ್ ಟೈಮಲ್ಲಿ ಆಗದಿದ್ರೆ ನಮ್ಮ ಚಿಕ್ಕಪ್ಪನ ಮಗ ಮಡಿಕೇರೀಲಿ ಡಿಗ್ರಿ ಓದ್ತಿದ್ದಾನೆ, ಅವನನ್ನೂ ಆ ಮಧ್ಯಾಹ್ನ ಪಕ್ಕದಲ್ಲಿ ಕೂರಿಸ್ತೀನಿ. ರ‍್ಯಾಮ್ ಯಾವುದು ತರ್ಲಿ ಅಣ್ಣ?

---

ಗೋಣಿಕೊಪ್ಪ_ಸಿಸ್ಟಮ್_ರಿಪೇರಿ:

ನಾಲ್ಕನೇ ಜನರೇಷನ್ ಅಂದ್ರೆ ಡಿಡಿಆರ್3, ಡೆಸ್ಕ್‌ಟಾಪ್‌ದು ಉದ್ದ ಇರುತ್ತೆ, ಲ್ಯಾಪ್‌ಟಾಪ್‌ದು ತಂದುಬಿಟ್ಟೀರಿ. ಬೆಂಗಳೂರಲ್ಲಿ ಹಳೇದು ಟೆಸ್ಟ್ ಮಾಡಿದ್ದು ಸಿಗುತ್ತೆ, 4 ಜಿಬಿದು ಒಂದು ತನ್ನಿ ಸಾಕು. ಬರೋಕೆ ಮುಂಚೆ ತಂದೆ ಹತ್ರ ಕ್ಯಾಬಿನೆಟ್ ಸೈಡ್ ತೆಗೆಸಿ ಒಂದು ಫೋಟೋ ತರಿಸ್ಕೊಳ್ಳಿ, ಎರಡನೇ ಸ್ಲಾಟ್ ಖಾಲಿ ಇದ್ಯಾ ನೋಡ್ಬೇಕು.